ಕಪ್ಪು ರಟ್ಟಿನ ಹಿಂದಿದ್ದ ಷರ್ಟು

ಗುಂಡಿಗಳ ಫೋಟೋ ತೆಗೆಯುವವರೂ ಲೋಕದಲ್ಲಿದ್ದಾರೆ ಎಂಬುದೇ ಗುಂಡಿಯಕ್ಕನಿಗೆ ಮೊದಲ ಆಶ್ಚರ್ಯ. ಹಾಗೆ ತೆಗೆಯುತ್ತಿರುವವಳು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಎಂಬುದು ಇನ್ನೊಂದು. ಆದರೆ ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆದದ್ದನ್ನು ಆಶ್ಚರ್ಯ ಎಂದು ಕರೆಯಲು ಆಕೆಗೆ ಇಂದಿಗೂ ಬಾಯಿ ಬರುವುದಿಲ್ಲ.

ದರ್ಜಿಗಳ ಬೀದಿಯಲ್ಲಿ ಹದಿನಾಲ್ಕು ಅಂಗಡಿಗಳಿವೆ. ಹದಿನಾಲ್ಕರಲ್ಲಿಯೂ ಕತ್ತರಿಸುವವರು, ಹೊಲಿಯುವವರು ಬೇರೆ ಬೇರೆ. ಗುಂಡಿ ತೂರುವ ಕಾಜ ಹೊಲಿಯುವ, ಗುಂಡಿ ಹಚ್ಚುವ ಕೈ ಮಾತ್ರ ಒಂದೇ. ಐವತ್ತೇಳು ವರ್ಷದ ಗುಂಡಿಯಕ್ಕನ ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಬಳಕೆಯಲ್ಲಿಲ್ಲ. ಬೆಳಿಗ್ಗೆ ಅಂಗಡಿಗಳಿಂದ ಷರ್ಟುಗಳ ಗಂಟು ಬರುತ್ತದೆ, ಸಂಜೆ ಗುಂಡಿ ಹೊತ್ತುಕೊಂಡು ಹಿಂದಿರುಗುತ್ತದೆ. ದಾರಕ್ಕೆ ಮೇಣ ಸವರುವುದು, ಗುಂಡಿಯ ಕೆಳಗೆ ದಾರವನ್ನು ಮೂರು ಸುತ್ತು ಸುತ್ತಿ ಸಣ್ಣ ಕತ್ತು ಕಟ್ಟುವುದು, ಗಂಟನ್ನು ಬಟ್ಟೆಯ ಒಳಗೆ ಅಡಗಿಸುವುದು ಎಲ್ಲವೂ ಎಡಗೈಯಲ್ಲಿ. ಅದಕ್ಕೇ ಆಕೆಯ ದಾರ ಉಳಿದವರ ದಾರಕ್ಕೆ ತಿರುವುಮುರುವಾಗಿ ಸುತ್ತಿಕೊಂಡಿರುತ್ತದೆ. "ಷರ್ಟು ಹರಿದೀತು, ಅಕ್ಕನ ಗುಂಡಿ ಕಿತ್ತು ಬರೋದಿಲ್ಲ" ಎಂದು ದರ್ಜಿಗಳು ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾರೆ. ಮೂಲೆ ಅಂಗಡಿಯ ದಪ್ಪ ದರ್ಜಿಯಂತೂ, "ನನ್ನ ಹೊಟ್ಟೆಯ ಮೇಲೆ ಇಪ್ಪತ್ತು ವರ್ಷದಿಂದ ನಿಂತಿರೋ ಗುಂಡಿ ನೋಡಿ, ಅದಕ್ಕಿಂತ ಸಾಕ್ಷಿ ಬೇಕೇ?" ಎಂದು ಹೊಟ್ಟೆಯನ್ನೇ ಮುಂದೆ ಮಾಡಿ ತೋರಿಸುತ್ತಾನೆ.

ಗಂಡ ತೀರಿಕೊಂಡು ಎಂಟು ವರ್ಷವಾದ ಮನೆಯಲ್ಲಿ ಮೂವರು. ಗುಂಡಿಯಕ್ಕ, ಸ್ಟುಡಿಯೋದಲ್ಲಿ ಕೆಲಸ ಮಾಡುವ ಮಗಳು, ಎಂಬತ್ತೆರಡು ವರ್ಷದ ಅಪ್ಪ. ಅಪ್ಪನೂ ದರ್ಜಿಯೇ. ಕೈ ನಡುಗಲು ಶುರುವಾದ ಮೇಲೆ ಸೂಜಿ ಬಿಟ್ಟರು. ಈಗ ಗುಂಡಿಗಳನ್ನು ಅಳತೆಯ ಪ್ರಕಾರ ಆರಿಸಿ ಡಬ್ಬಿಗಳಿಗೆ ತುಂಬುವುದು ಅವರ ಉದ್ಯೋಗ. ಬೆಳಿಗ್ಗೆ ಮಾತ್ರ ದಪ್ಪ ದರ್ಜಿಯ ಅಂಗಡಿಯ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದಿ, ಒಂದು ಗಂಟೆಗೆ ಸರಿಯಾಗಿ ಊಟಕ್ಕೆ ಮನೆ ಸೇರುತ್ತಾರೆ.

ಮಗಳಿಗೆ ಗುಂಡಿಯ ಹುಚ್ಚು ಹಿಡಿದದ್ದು ಈ ವರ್ಷ. ಊರಿನ ಗ್ರಂಥಾಲಯದವರು ಫೋಟೋ ಪ್ರದರ್ಶನವೊಂದನ್ನು ಏರ್ಪಡಿಸಿದ್ದರು. ಇವಳು ಗುಂಡಿಯನ್ನೇ ವಿಷಯವಾಗಿ ಆರಿಸಿಕೊಂಡಳು. ಚಿಪ್ಪಿನ ಗುಂಡಿ, ಕೊಂಬಿನ ಗುಂಡಿ, ಮರದ ಗುಂಡಿ, ಬಟ್ಟೆ ಹೊದಿಸಿದ ಗುಂಡಿಗಳನ್ನು ಕಿಟಕಿಯ ಬೆಳಕಿನಲ್ಲಿ ಇಟ್ಟು, ಮೊಣಕಾಲೂರಿ, ಉಸಿರು ಹಿಡಿದು ಫೋಟೋ ತೆಗೆದಳು. ಚಿಪ್ಪಿನ ಗುಂಡಿಯೊಳಗೆ ಕಾಮನಬಿಲ್ಲಿನ ಬಣ್ಣ ಇದೆಯೆಂದು ಗುಂಡಿಯಕ್ಕನಿಗೆ ನಲವತ್ತು ವರ್ಷದ ಮೇಲೆ ಗೊತ್ತಾಯಿತು. ಆಮೇಲೆ ಹುಡುಗಿ ಹಿತ್ತಿಲಿಗೆ ಇಳಿದಳು. ಅರಳದ ಮೊಗ್ಗು, ಗೋಡೆಯ ಬುಡದ ಅಣಬೆ, ಎಲೆಯ ಮೇಲೆ ಕುಳಿತ ಕೆಂಪು ಚುಕ್ಕೆಯ ಹುಳು, ಎಲ್ಲವೂ ಅವಳಿಗೆ ಗುಂಡಿಯೇ.

"ಇದೂ ಗುಂಡೀನಾ?" ಎಂದು ಗುಂಡಿಯಕ್ಕ ಹಳದಿ ಹೂವಿನ ನಟ್ಟನಡುವಿನ ಫೋಟೋ ನೋಡಿ ಕೇಳಿದಳು.

"ನೋಡಮ್ಮ, ಹೂವಿನ ಎಸಳನ್ನೆಲ್ಲ ಹಿಡಿದಿಟ್ಟಿರೋದು ಅದೇ ತಾನೆ?"

"ನಾಲ್ಕು ತೂತು ಇದ್ದಿದ್ರೆ ನಾನೇ ಹಚ್ಚಿಕೊಡ್ತಿದ್ದೆ, ಕೊಡು."

ನಗುನಗುತ್ತಲೇ ಮಗಳು ಗೋಡೆಯ ಕಡೆ ತಿರುಗಿದಳು. "ಅಮ್ಮ, ಅಜ್ಜಿಯ ಫೋಟೋನೂ ಹಾಕೋಣ. ಸೂಜಿ ಹಿಡಿದಿರೋ ಕೈ ಎಷ್ಟು ಚೆನ್ನಾಗಿದೆ!"

ಆ ಫೋಟೋದ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಗುಂಡಿಯಕ್ಕ ಒಂಬತ್ತು ತಿಂಗಳ ಕೂಸಾಗಿದ್ದಾಗ ತಾಯಿ ತೀರಿಕೊಂಡಳು. ತಾಯಿಯದೆಂದು ಉಳಿದದ್ದು ಒಂದೇ ಫೋಟೋ. ಅದರಲ್ಲಿ ಆಕೆ ಪಕ್ಕಕ್ಕೆ ತಿರುಗಿ ನಿಂತು, ಎಡಗೈಯಲ್ಲಿ ಸೂಜಿ ಹಿಡಿದು ದಾರ ಎಳೆಯುತ್ತಿದ್ದಾಳೆ. ಮುಖ ಅರ್ಧ ನಮ್ಮ ಕಡೆಗಿದೆ. ಯಾರೋ ನಗಿಸಿದಂತೆ ಒಂದು ಹುಬ್ಬು ಮೇಲೆ ಹೋಗಿದೆ. ಫೋಟೋದ ಉಳಿದರ್ಧಕ್ಕೆ ಕಪ್ಪು ರಟ್ಟು ಮುಚ್ಚಿದೆ. ದಾರ ನೇರವಾಗಿ ಹೋಗಿ ಆ ರಟ್ಟಿನೊಳಗೆ ಮಾಯವಾಗುತ್ತದೆ. ದಾರದ ಆ ತುದಿ ಎಲ್ಲಿದೆ ಎಂದು ಗುಂಡಿಯಕ್ಕ ಚಿಕ್ಕವಳಿದ್ದಾಗ ಕೇಳಿದರೆ ಅಪ್ಪ, "ಯಾರೋ ಗಿರಾಕಿ ಬಟ್ಟೆ" ಎನ್ನುತ್ತಿದ್ದರು. ಹುಡುಗಿ ನಂಬುತ್ತಿರಲಿಲ್ಲ. ಆ ತುದಿ ತನಗೇ ಕಟ್ಟಿದೆ ಎಂದು ಒಳಗೊಳಗೇ ತಿಳಿದಿದ್ದಳು.

ಹಾಗೆ ತಿಳಿಯಲು ಕಾರಣವಿತ್ತು. ತಾಯಿ ಹೋದ ಮೇಲೆ ಮನೆಗೆ ಬಂದು ಇವಳನ್ನು ಸಾಕಿದವಳು ಸೋದರತ್ತೆ, ಅಪ್ಪನ ಅಕ್ಕ. ಹಿಂದೆ ಯಾವುದೋ ಮನಸ್ತಾಪದಿಂದ ತಮ್ಮನ ಮದುವೆಗೂ ಬಾರದೆ, ಅವನ ಹೆಂಡತಿಯ ಮುಖವನ್ನೂ ನೋಡದೆ ದೂರ ಉಳಿದಿದ್ದವಳು. ಕೆಲಸದಲ್ಲಿ ಗಟ್ಟಿಗಿತ್ತಿ, ಬಾಯಲ್ಲಿ ಬೆಂಕಿ. ಹುಡುಗಿ ಎಡಗೈಯಲ್ಲಿ ತುತ್ತು ಎತ್ತಿದರೆ ಮಣಿಕಟ್ಟಿನ ಮೇಲೆ ಏಟು. ಬಳಪ ಹಿಡಿದರೆ ಏಟು. ಕೊನೆಗೊಂದು ದಿನ ಬಟ್ಟೆಯ ಪಟ್ಟಿಯಿಂದ ಆ ಕೈಯನ್ನು ಮೇಜಿನ ಕಾಲಿಗೆ ಕಟ್ಟಿದಳು. ಕರೆಯುತ್ತಿದ್ದದ್ದೂ "ಎಡಚಿ" ಎಂದೇ. ಆಗ ಇವಳಿಗೆ ಆರು ವರ್ಷ. ಅದಾದ ವಾರದಲ್ಲಿ ಅಪ್ಪ ಎಲ್ಲಿಂದಲೋ ಈ ಫೋಟೋ ತಂದರು. ಅತ್ತೆಯ ಮುಂದೆ ಹಿಡಿದು, "ನೋಡಕ್ಕ, ಇವಳ ತಾಯಿನೂ ಎಡಚಿಯೇ. ರಕ್ತದಲ್ಲಿ ಬಂದದ್ದನ್ನ ಕಟ್ಟಿ ಹಾಕೋಕಾಗುತ್ತಾ?" ಎಂದರು. ಅಂದಿನಿಂದ ಏಟು ನಿಂತಿತು. ಯಾರಾದರೂ ಮೂಗು ಮುರಿದರೆ ಹುಡುಗಿ ಗೋಡೆಯ ಕಡೆ ಬೆರಳು ಮಾಡುತ್ತಿದ್ದಳು: "ನಮ್ಮಮ್ಮನ ಕೈ ಇದು." ಶಾಲೆಯಲ್ಲಿ, ಮದುವೆಯಾದ ಮನೆಯಲ್ಲಿ, ದರ್ಜಿಗಳ ಬೀದಿಯಲ್ಲಿ ಐವತ್ತೊಂದು ವರ್ಷ ಇದೇ ಮಾತು. ತಾಯಿಯ ದನಿ ನೆನಪಿಲ್ಲ, ಮಡಿಲು ನೆನಪಿಲ್ಲ. ಕೈ ಮಾತ್ರ ತನ್ನ ತೋಳಿನ ತುದಿಯಲ್ಲೇ ಇತ್ತು.

ಹೀಗಿರುವಾಗ ಆ ಮಂಗಳವಾರ, ಗಾಜಿನ ಮೇಲೆ ಬೆಳಕು ಹೊಳೆಯುತ್ತದೆಂದು ಮಗಳು ಫ್ರೇಮನ್ನು ಕೆಳಗಿಳಿಸಿ, ಹಿಂದಿನ ಮೊಳೆಗಳನ್ನು ಕಿತ್ತು, ಅಂಟಿಸಿದ್ದ ಕಾಗದವನ್ನು ಬ್ಲೇಡಿನಿಂದ ಬಿಡಿಸಿದಳು. ಅಪ್ಪ ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದರು. ಮನೆಯಲ್ಲಿದ್ದಿದ್ದರೆ ತಡೆಯುತ್ತಿದ್ದರೋ ಏನೋ. ಕಪ್ಪು ರಟ್ಟು ಒಣಗಿದ ಎಲೆಯಂತೆ ಸದ್ದು ಮಾಡಿ ಕಳಚಿಕೊಂಡಿತು.

"ಅಮ್ಮ, ಬಾ ಇಲ್ಲಿ! ತಾತ! ಇದು ತಾತ ಅಲ್ವಾ?"

ರಟ್ಟಿನ ಹಿಂದೆ ನಿಂತಿದ್ದದ್ದು ಅಪ್ಪ. ಇಪ್ಪತ್ತೈದರ ಹರೆಯದ ಅಪ್ಪ. ಕೊರಳಲ್ಲಿ ಅಳತೆಯ ಟೇಪು, ಮೈಮೇಲೆ ಹೊಸ ಷರ್ಟು. ತಾಯಿ ಹಚ್ಚುತ್ತಿದ್ದದ್ದು ಆ ಷರ್ಟಿನ ಎರಡನೆಯ ಗುಂಡಿ. ದಾರದ ಆ ತುದಿ ಅಪ್ಪನ ಎದೆಯ ಮೇಲಿತ್ತು.

ಗುಂಡಿಯಕ್ಕನಿಗೆ ಮೊದಲು ನಗು ಬಂತು. ನಾಚಿಕೊಂಡು ಮುಚ್ಚಿಸಿರಬೇಕು ಮುದುಕ! ಆಮೇಲೆ ಕಣ್ಣು, ಅಭ್ಯಾಸಬಲದಿಂದ, ಗುಂಡಿಗಳ ಸಾಲಿನ ಮೇಲೆ ಹೋಯಿತು. ನಗು ಅಲ್ಲಿಯೇ ನಿಂತಿತು.

"ಇದು ತಪ್ಪು," ಎಂದಳು.

"ಏನಮ್ಮ ತಪ್ಪು?"

"ಗುಂಡಿ ತಪ್ಪು ಕಡೆಗಿದೆ. ಗಂಡಸರ ಷರ್ಟಿಗೆ ಗುಂಡಿ ಬಲಗಡೆ, ಕಾಜ ಎಡಗಡೆ. ಇಲ್ಲಿ ಹೆಂಗಸರ ಅಂಗಿ ಥರ ಇದೆ. ಜೇಬು ನೋಡು, ಬಲಗಡೆಗಿದೆ."

"ತಾತ ಹಾಗೆ ಹೊಲಿದುಕೊಂಡಿರಬಹುದು."

"ನಿಮ್ಮ ತಾತ ಕಣ್ಣು ಕಟ್ಟಿ ಕೂರಿಸಿದ್ರೂ ಹಾಗೆ ಹೊಲಿಯಲ್ಲ ಕಣೆ."

ಮಗಳು ಫೋಟೋದ ಮೇಲೆ ಬಗ್ಗಿದಳು. ಕ್ಯಾಮೆರಾದಲ್ಲಿ ಚಿತ್ರ ಹಿಡಿದು ಕಂಪ್ಯೂಟರಿಗೆ ಹಾಕಿ, ಕೊರಳಿನ ಟೇಪನ್ನು ದೊಡ್ಡದು ಮಾಡುತ್ತಾ ಹೋದಳು. ಅಂಕಿಗಳು ಮೂಡಿದವು. ಎಲ್ಲವೂ ಬೆನ್ನು ತಿರುಗಿಸಿ ನಿಂತಿದ್ದವು, ಕನ್ನಡಿಯಲ್ಲಿ ಕಂಡಂತೆ.

"ಅಮ್ಮ... ಇದು ತಿರುಗಿಸಿ ಹಾಕಿರೋ ಫೋಟೋ. ನೆಗೆಟಿವ್ ಮಗುಚಿ ಅಚ್ಚು ಹಾಕಿದ್ರೆ ಹೀಗಾಗುತ್ತೆ. ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ."

ಗುಂಡಿಯಕ್ಕ ಪಕ್ಕದಲ್ಲಿದ್ದ ಷರ್ಟುಗಳ ಗಂಟಿನ ಮೇಲೆಯೇ ಕುಳಿತುಬಿಟ್ಟಳು. ಮಗಳು ಕಂಪ್ಯೂಟರಿನ ಗುಂಡಿಯೊಂದನ್ನು ಒತ್ತಿದಳು. ಪರದೆಯ ಮೇಲಿನ ಚಿತ್ರ ಮಗ್ಗುಲು ಬದಲಿಸಿತು. ಷರ್ಟು ಸರಿಯಾಯಿತು, ಜೇಬು ಎಡಕ್ಕೆ ಬಂತು, ಅಂಕಿಗಳು ನೆಟ್ಟಗಾದವು. ಸೂಜಿ ಬಲಗೈಗೆ ಹೋಯಿತು. ತಾಯಿಯ ಮುಖವೂ ಬೇರೆಯಾಯಿತು. ಬೈತಲೆ ಆ ಕಡೆ ಇದ್ದದ್ದು ಈ ಕಡೆ, ಮೇಲೆ ಹೋದ ಹುಬ್ಬು ಈ ಕಡೆ. ಐವತ್ತೊಂದು ವರ್ಷ ದಿನಕ್ಕೆ ಹತ್ತು ಸಲ ನೋಡಿದ ಮುಖ ಅದಲ್ಲ.

"ಯಾರೇ ಇವಳು?" ಎಂದಳು ಗುಂಡಿಯಕ್ಕ.

ಮಗಳು ಪರದೆಯನ್ನೂ ತಾಯಿಯನ್ನೂ ನೋಡಿ ತಾನೇ ಬೆಚ್ಚಿದಳು. "ಅಮ್ಮ, ಇದು ಥೇಟ್ ನೀನು! ನೀನು ಅಜ್ಜಿ ಥರ ಇದೀಯ ಅಂತ ಎಲ್ರೂ ಅಂದಾಗ ನಂಗೆ ಯಾವತ್ತೂ ಕಾಣ್ತಿರ್ಲಿಲ್ಲ. ಈಗ ನೋಡು."

ಅದು ಆಗ ಗುಂಡಿಯಕ್ಕನ ಕಿವಿಗೆ ಬೀಳಲಿಲ್ಲ. ತನ್ನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಮರೆತು ಬಿಟ್ಟುಹೋದ ವಸ್ತುವನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಹಾಗಾದ್ರೆ ಈ ಕೈ ನನಗೆ ಎಲ್ಲಿಂದ ಬಂತು?"

ಒಂದು ಗಂಟೆಗೆ ಅಪ್ಪ ಬಂದರು. ಅಷ್ಟರಲ್ಲಿ ಫ್ರೇಮು ಮೊದಲಿನಂತೆಯೇ ರಟ್ಟು ಹೊದ್ದು ಗೋಡೆ ಏರಿತ್ತು. ಗುಂಡಿಯಕ್ಕ ಊಟ ಬಡಿಸಿದಳು, ಫೋಟೋದ ಮಾತೆತ್ತಲಿಲ್ಲ. ಎರಡು ದಿನ ಹಾಗೇ ನಡೆಯಿತು. ಅಪ್ಪ ಎರಡು ಸಲ "ಮೈ ಸರಿಯಿಲ್ಲವಾ?" ಎಂದರು, "ಸರಿಯಿದೆ" ಎಂದಳು. ಕೆಲಸಕ್ಕೆ ಕುಳಿತರೆ ಸೂಜಿ ಹೋಗಬೇಕಾದ ತೂತಿಗೆ ಹೋಗುತ್ತಿರಲಿಲ್ಲ. ನಲವತ್ತು ವರ್ಷ ನೋಡದೆಯೇ ಹೊಲಿಯುತ್ತಿದ್ದ ಕೈ ಈಗ ಪ್ರತಿ ಹೊಲಿಗೆಗೂ ಅಪ್ಪಣೆ ಕೇಳುವಂತೆ ತಡೆಯುತ್ತಿತ್ತು. ಹೊಸ ಸೊಸೆಯಾಗಿ ಹೋದ ದಿನ ಎಡಗೈಯಲ್ಲಿ ಬಡಿಸಿದ್ದಕ್ಕೆ ಗುಸುಗುಸು ಎದ್ದಾಗ ತಲೆಯೆತ್ತಿ "ನಮ್ಮಮ್ಮನ ಕೈ" ಎಂದದ್ದು ನೆನಪಾಗಿ ಮೈಯೆಲ್ಲ ಬಿಸಿಯಾಗುತ್ತಿತ್ತು. ಅಷ್ಟು ಜನರ ಮುಂದೆ ಅಷ್ಟು ಧೈರ್ಯವಾಗಿ ಸುಳ್ಳು ಹೇಳಿದ್ದೆನಲ್ಲ! ಮೂರನೆಯ ದಿನ, ಏನು ತೋಚಿತೋ, ಸೂಜಿಯನ್ನು ಬಲಗೈಗೆ ತೆಗೆದುಕೊಂಡು ಒಂದು ಗುಂಡಿ ಹಚ್ಚಿದಳು. ಕಾಲು ಗಂಟೆ ಹಿಡಿಯಿತು, ಬೆರಳಿಗೆ ಎರಡು ಸಲ ಚುಚ್ಚಿಕೊಂಡಿತು.

ಮಧ್ಯಾಹ್ನ ಅಪ್ಪ ಡಬ್ಬಿಗಳ ಮುಂದೆ ಕುಳಿತಿದ್ದವರು ಆ ಷರ್ಟನ್ನು ಎತ್ತಿಕೊಂಡರು. ಕೈ ನಡುಗಿದರೂ ಕಣ್ಣು ನಡುಗುವುದಿಲ್ಲ.

"ಇದನ್ನ ಯಾರು ಹಚ್ಚಿದ್ದು? ಕುಡಿದು ಹಚ್ಚಿದ ಹಾಗಿದೆ."

"ನಾನೇ."

"ಯಾವ ಕೈಲಿ?"

"ಅಮ್ಮನ ಕೈಲಿ."

ಅಪ್ಪನ ಬೆರಳುಗಳ ನಡುವಿನಿಂದ ಷರ್ಟು ಜಾರಿತು. ಅವರು ಗೋಡೆಯ ಕಡೆ ನೋಡಿದರು. ಗುಂಡಿಯಕ್ಕನ ಕಡೆ ನೋಡಲಿಲ್ಲ.

"ರಟ್ಟು ತೆಗೆದ್ರಾ?"

"ತೆಗೆದ್ವಿ."

"ಗುಂಡಿ ನೋಡಿದ್ಯಾ?"

"ನೋಡಿದೆ."

ಅಪ್ಪ ಜಾರಿದ ಷರ್ಟನ್ನು ಎತ್ತಿ ಮಡಿಸಿಟ್ಟರು. ಆಮೇಲೆ, "ಅಕ್ಕ ಹೇಳಿದ್ಲು," ಎಂದರು. "ಇವಳು ಒಂದಲ್ಲ ಒಂದು ದಿನ ಗುಂಡಿ ನೋಡ್ತಾಳೆ ಅಂತ ಹೇಳಿದ್ಲು."

ಕೇಳಬೇಕೆಂದು ಎರಡು ದಿನ ಹಲ್ಲು ಕಚ್ಚಿ ಕಟ್ಟಿಕೊಂಡಿದ್ದ ಪ್ರಶ್ನೆಗಳೆಲ್ಲ ಗುಂಡಿಯಕ್ಕನ ಬಾಯಲ್ಲೇ ಚೆದುರಿಹೋದವು. "ಯಾರು? ಅತ್ತೆನಾ? ಅತ್ತೆಗೆ ಗೊತ್ತಿತ್ತಾ?"

"ಮೊದಲು ಕೂತ್ಕೋ ಮಗಳೇ."

"ನಿಂತೇ ಕೇಳ್ತೀನಿ, ಹೇಳು."

ಅಪ್ಪ ಹೇಳಿದರು. ನಿಧಾನವಾಗಿ, ಗುಂಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ ಹೇಳಿದರು. ಆ ಫೋಟೋ ಅಂಗಡಿಯ ಮುಂದೆ ಹಾಕಲು ತೆಗೆಸಿದ್ದು. ಮದುವೆಯಾದ ಹೊಸದು. ತಾಯಿ ಬಲಗೈಯವಳೇ. ಗುಂಡಿ ಹಚ್ಚುವುದು ಅವಳಿಗೆ ಸರಿಯಾಗಿ ಬರುತ್ತಲೂ ಇರಲಿಲ್ಲ; ಫೋಟೋಕ್ಕಾಗಿ ಸೂಜಿ ಹಿಡಿದು ನಿಂತಿದ್ದಳು. ಅವಳು ಹೋದ ಮೇಲೆ ಮಗಳ ಮಣಿಕಟ್ಟಿನಲ್ಲಿ ಬಟ್ಟೆ ಪಟ್ಟಿಯ ಗುರುತು ಕಂಡ ದಿನ ಅಪ್ಪ ಅಂಗಡಿಗೆ ಬೀಗ ಹಾಕಿ ಸ್ಟುಡಿಯೋಗೆ ಹೋದರು.

"ಅಕ್ಕನ ಎದುರು ನಂಗೆ ಬಾಯಿ ಇರ್ಲಿಲ್ಲ ಕಣಮ್ಮ. ಬೈದ್ರೆ ಮನೆ ಬಿಟ್ಟು ಹೋಗ್ತಾಳೆ. ಹೋದ್ರೆ ನಿನ್ನ ನೋಡೋರು ಯಾರು? ಸ್ಟುಡಿಯೋದವನಿಗೆ, ಇದನ್ನ ಮಗುಚಿ ಹಾಕಿಕೊಡಪ್ಪ ಅಂದೆ. ಅವನು ನಂಗೆ ತಲೆ ಕೆಟ್ಟಿದೆ ಅಂದ್ಕೊಂಡ. ನಿಮ್ಮಮ್ಮ ಹೋದಾಗ ಅಂಗಡಿ ಮುಂದಿನಿಂದ ಇಳಿಸಿ ಬಚ್ಚಿಟ್ಟಿದ್ದ ಸರಿಯಾದ ಫೋಟೋನ ಅವತ್ತೇ ಸುಟ್ಟುಬಿಟ್ಟೆ. ಹೊಸದನ್ನ ತಂದು ಅಕ್ಕನಿಗೆ ತೋರಿಸಿದೆ."

"ಆಗ ರಟ್ಟು ಇರ್ಲಿಲ್ವಾ?"

"ಎಲ್ಲಿತ್ತು? ನಾನು ದರ್ಜಿ, ಷರ್ಟು ಹೊಲಿದವನೂ ನಾನೇ, ಹಾಕಿಕೊಂಡವನೂ ನಾನೇ. ಗುಂಡಿ ಮಗ್ಗುಲು ಬದಲಿಸುತ್ತೆ ಅಂತ ನಂಗೇ ಹೊಳೀಲಿಲ್ಲ! ನಿಮ್ಮಮ್ಮನ ಕೈ ಒಂದೇ ನೋಡ್ತಿದ್ದೆ. ಅಕ್ಕ ಅವತ್ತು ಏನೂ ಅನ್ಲಿಲ್ಲ. ನಿಂಗಿನ್ನೂ ಫೋಟೋ ಸರಿಯಾಗಿ ತೋರಿಸಿರ್ಲಿಲ್ಲ, ಎರಡು ದಿನ ಅವಳೇ ಅದರ ಮುಂದೆ ನಿಂತು ನಿಂತು ಹೋದ್ಲು. ಮೂರನೇ ದಿನ ನಿನ್ನ ಶಾಲೆಗೆ ಕಳಿಸಿ ಬಂದು ಕೇಳಿದ್ಲು, 'ಏನೋ ತಮ್ಮಾ, ಯಾವತ್ತಿಂದ ಹೆಂಗಸರ ಷರ್ಟು ಹಾಕ್ಕೊಳ್ಳೋಕೆ ಶುರು ಮಾಡ್ದೆ?' ಅಂತ."

ಗುಂಡಿಯಕ್ಕ ಕುಳಿತಳು. ಕುಳಿತದ್ದು ಅವಳಿಗೇ ತಿಳಿಯಲಿಲ್ಲ.

"ನಂಗೆ ನೆಲ ಬಾಯಿಬಿಡಬಾರದಾ ಅನ್ನಿಸ್ತು. ಅಳು ಬಂದುಬಿಡ್ತು. ಅಕ್ಕ ಬಾಗಿಲ ಹತ್ರ ನಿಂತಿದ್ಲು, ಅವಳೂ ಅಳ್ತಿದ್ಲು ಅಂತ ಕಾಣುತ್ತೆ, ಬೆನ್ನು ಮಾತ್ರ ನಂಗೆ ಕಂಡಿದ್ದು. 'ಅಕ್ಕನಿಗೆ ಹೆದರಿ ಹೆಂಡ್ತಿ ಮುಖಾನೇ ತಿರುಗಿಸಿಬಿಟ್ಯಲ್ಲೋ' ಅಂದ್ಲು. ಆಮೇಲೆ ಅವಳೇ ಕಪ್ಪು ರಟ್ಟು ಕತ್ತರಿಸಿದ್ಲು. 'ಷರ್ಟು ಮುಚ್ಚು. ಇದು ದರ್ಜಿ ಮನೆ ಹುಡುಗಿ, ನಾಳೆ ಗುಂಡಿ ನೋಡಿದ್ರೆ ಸಿಕ್ಕಿಹಾಕ್ಕೋತೀಯ' ಅಂತ. ಅಂಟು ಹಚ್ಚಿದ್ದೂ ಅವಳೇ."

ಗುಂಡಿಯಕ್ಕನ ಕಣ್ಣ ಮುಂದೆ ಅತ್ತೆ ಬಂದು ನಿಂತಳು. ಫೋಟೋ ಬಂದ ವಾರದಲ್ಲೇ ಅತ್ತೆ ಇವಳ ಊಟದ ಜಾಗವನ್ನು ಮೇಜಿನ ಎಡತುದಿಗೆ ಬದಲಿಸಿದ್ದಳು. ತನ್ನನ್ನು ದೂರ ತಳ್ಳಿದಳೆಂದು ಹುಡುಗಿ ಅಂದು ಅತ್ತಿದ್ದಳು. ಅಲ್ಲಿ ಕುಳಿತರೆ ಎಡಮೊಣಕೈ ಯಾರಿಗೂ ತಗಲುವುದಿಲ್ಲ ಎಂಬುದು ಐವತ್ತೊಂದು ವರ್ಷದ ಮೇಲೆ ಈಗ ಹೊಳೆಯಿತು. ಸಾಯುವ ಕಾಲಕ್ಕೆ ಕಣ್ಣು ಕಾಣದ ಅತ್ತೆ, "ಎಡಚಿ, ಕೈ ಕೊಡು" ಎಂದು ಇದೇ ಕೈಯನ್ನು ಹುಡುಕಿ ಹಿಡಿದುಕೊಂಡಿದ್ದಳು. ಕಟ್ಟಿದವಳೂ ಅವಳೇ, ಕಾದವಳೂ ಅವಳೇ. ಇಬ್ಬರನ್ನು ಒಬ್ಬಳಲ್ಲಿ ಸೇರಿಸಲು ಗುಂಡಿಯಕ್ಕನಿಗೆ ಆ ಹೊತ್ತಿನಲ್ಲಿ ಆಗಲಿಲ್ಲ.

"ನಂಗಾದ್ರೂ ಹೇಳಬಹುದಿತ್ತಲ್ಲ ಅಪ್ಪ? ಅತ್ತೆ ಹೋಗಿಯೇ ಇಪ್ಪತ್ತು ವರ್ಷ ಆಯ್ತು."

"ಹೇಳೋಣ ಅಂತ ಬಾಯಿ ತೆಗೆದಾಗೆಲ್ಲ ನೀನು ಯಾರ ಮುಂದಾದ್ರೂ 'ನಮ್ಮಮ್ಮನ ಕೈ' ಅಂತಿದ್ದೆ."

ಗುಂಡಿಯಕ್ಕ ಎಡಗೈ ಮುಂದೆ ಚಾಚಿ ಕೇಳಿದಳು: "ಮತ್ತೆ ಈ ಕೈ ಯಾರದು?"

"ನಿಂದೇ. ಇನ್ನ್ಯಾರದು?" ಎಂದರು ಅಪ್ಪ, ಇಷ್ಟು ಸುಲಭದ್ದನ್ನೂ ಕೇಳುತ್ತೀಯಲ್ಲ ಎಂಬಂತೆ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಗಳು ಆಗ ಕಂಪ್ಯೂಟರನ್ನು ಎತ್ತಿ ತಂದು ತಾತನ ಮುಂದಿಟ್ಟಳು. ಪರದೆಯ ಮೇಲೆ ನೆಟ್ಟಗಾದ ಚಿತ್ರವಿತ್ತು. ಸುಟ್ಟುಹೋದ ಫೋಟೋದಲ್ಲಿದ್ದ ಹಾಗೆ, ಬೈತಲೆ ತನ್ನ ಕಡೆಗೆ, ಹುಬ್ಬು ತನ್ನ ಕಡೆಗೆ, ಸೂಜಿ ಬಲಗೈಯಲ್ಲಿ.

ಅಪ್ಪ ಹೌಹಾರಿ ಹಿಂದಕ್ಕೆ ಸರಿದರು. ಮೊಣಕೈ ತಗಲಿ ಡಬ್ಬಿ ಉರುಳಿ ಗುಂಡಿಗಳು ನೆಲದ ತುಂಬ ಹರಡಿದವು. ಯಾರೂ ಅವುಗಳನ್ನು ನೋಡಲಿಲ್ಲ. ಐವತ್ತೊಂದು ವರ್ಷ ಅವರೂ ಹೆಂಡತಿಯನ್ನು ತಿರುಗಿದ ಮುಖದಲ್ಲಿಯೇ ನೋಡಿದ್ದರು ಎಂಬುದು ಗುಂಡಿಯಕ್ಕನಿಗೆ ಆಗ ಅರ್ಥವಾಯಿತು. ತಾನು ಕಳೆದುಕೊಂಡದ್ದು ಒಂದು ಕೈ. ಅವರು ಕಳೆದುಕೊಂಡದ್ದು ನಿಜವಾಗಿ ಕಂಡಿದ್ದ ಮುಖ, ಅದನ್ನೂ ತಾವಾಗಿಯೇ.

"ಬಂದ್ಲು," ಎಂದರು ಅಪ್ಪ. ಅಷ್ಟೇ ಎಂದರು. ನಡುಗುವ ಬೆರಳಿನಿಂದ ಪರದೆಯ ಮೇಲಿನ ಹುಬ್ಬನ್ನು ಮುಟ್ಟಿ, ಗುಂಡಿಯಕ್ಕನ ಮುಖ ನೋಡಿ, ಮತ್ತೆ ಪರದೆ ನೋಡಿದರು.

ಗುಂಡಿಯಕ್ಕ ನೆಲಕ್ಕೆ ಕೂತು ಗುಂಡಿ ಆರಿಸತೊಡಗಿದಳು, ಎಡಗೈಯಲ್ಲಿ. ಅಳು ಬಂದರೆ ಮುಖ ಬಗ್ಗಿಸಲು ಅದೊಂದು ಅನುಕೂಲ. ಮಗಳು ಮೆಲ್ಲನೆ ಕ್ಯಾಮೆರಾ ಎತ್ತಿಕೊಂಡಳು.

"ಈಗ ಬೇಡ ಕಣೆ."

"ಕೈ ಮಾತ್ರ ಅಮ್ಮ."

ಗ್ರಂಥಾಲಯದ ಗೋಡೆಯ ಮೇಲೆ, ಮೊಗ್ಗು, ಅಣಬೆ, ಚಿಪ್ಪಿನ ಗುಂಡಿಗಳ ನಡುವೆ, ತಾಯಿಯ ಫೋಟೋ ಸರಿಯಾದ ಮಗ್ಗುಲಲ್ಲಿ ಹೋಯಿತು. ಅದರ ಪಕ್ಕಕ್ಕೆ ನೆಲದ ಮೇಲೆ ಗುಂಡಿ ಆರಿಸುತ್ತಿರುವ ಒಂದು ಎಡಗೈ. ಇನ್ನೊಂದು ಸರಿಯಾದ ಪ್ರತಿ ಅಪ್ಪನ ಮಂಚದ ಬದಿಗೆ ಬಂತು. ಮನೆಯ ಗೋಡೆಗೆ ಮಾತ್ರ ಯಾವುದು ಎಂದು ಮಗಳು ಕೇಳಿದಾಗ ಗುಂಡಿಯಕ್ಕ ಹಳೆಯದನ್ನೇ ಕೈಗೆತ್ತಿಕೊಂಡಳು. ಕಪ್ಪು ರಟ್ಟನ್ನು ತೆಗೆದು ಪೆಟ್ಟಿಗೆಯಲ್ಲಿ, ಅತ್ತೆ ಹೊಲಿಯುವಾಗ ಬೆರಳಿಗೆ ಹಾಕುತ್ತಿದ್ದ ಅಂಗುಸ್ತಾನದ ಜೊತೆ ಇಟ್ಟಳು. ರಟ್ಟಿಲ್ಲದ ಫ್ರೇಮನ್ನು ಹಳೆಯ ಮೊಳೆಗೇ ತೂಗುಹಾಕಿದಳು.

ಮೊನ್ನೆ ಗಂಟು ಕೊಡಲು ಬಂದ ದಪ್ಪ ದರ್ಜಿ ಗೋಡೆಯ ಮುಂದೆ ನಿಂತು ಕಣ್ಣು ಕಿರಿದು ಮಾಡಿದ. ದರ್ಜಿಗಳ ಬೀದಿಯ ಕಣ್ಣಲ್ಲವೇ, ಎರಡು ಗಳಿಗೆಯೂ ಬೇಕಾಗಲಿಲ್ಲ.

"ಇದೇನಕ್ಕಾ, ನಿಮ್ಮಪ್ಪ ಹೆಂಗಸರ ಷರ್ಟು ಹಾಕ್ಕೊಂಡು ನಿಂತಿದ್ದಾರೆ?"

"ಹೂಂ," ಎಂದಳು ಗುಂಡಿಯಕ್ಕ, ದಾರಕ್ಕೆ ಮೇಣ ಸವರುತ್ತಾ. "ನಂಗೋಸ್ಕರ ಹಾಕ್ಕೊಂಡಿದ್ರು."